ಕುಬ್ಬೂಸ್ ಉಬ್ಬುವುದು ಯೀಸ್ಟಿನಿಂದಲ್ಲ

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ನಾಲ್ಕು, ಕಾಸರಗೋಡಿನ ಬೇಕರಿಗಳಲ್ಲಿ ಕುಬ್ಬೂಸ್ ಎಂಬ ಹೆಸರಿನಲ್ಲಿ ಸಿಗುವ ಪಿಟಾ ರೊಟ್ಟಿಯ ಕುರಿತಾಗಿಯೇ ಇದ್ದುದರಿಂದ ಅವುಗಳನ್ನು ಒಟ್ಟಿಗೆ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ದುಬೈಯಲ್ಲಿರುವ ಮಗ ರಜೆಯಲ್ಲಿ ಊರಿಗೆ ಬಂದಾಗಲೆಲ್ಲ ಕುಬ್ಬೂಸ್ ಕೇಳುತ್ತಾನೆ. ಪೇಟೆಯಿಂದ ತರಿಸುವ ಬದಲು ಮನೆಯಲ್ಲೇ ಮಾಡೋಣವೆಂದು ಮೂರು ಸಲ ಪ್ರಯತ್ನಿಸಿದೆ. ಮೊದಲ ಸಲ ಅರ್ಧ ಕಿಲೋ ಮೈದಾಕ್ಕೆ ಒಂದು ಚಮಚ ಯೀಸ್ಟ್ ಹಾಕಿದ್ದೆ, ಉಬ್ಬಲಿಲ್ಲ. ಮುಂದಿನ ಸಲ ಎರಡು, ಆಮೇಲೆ ಮೂರು ಚಮಚ ಹಾಕಿ ನೋಡಿದೆ. ಈಗ ಅದು ಬನ್ನಿನಂತೆ ದಪ್ಪವಾಗುತ್ತದೆಯೇ ಹೊರತು ನಡುವೆ ಪೊಳ್ಳಾಗುವುದಿಲ್ಲ. ಯೀಸ್ಟಿನ ವಾಸನೆಯೂ ಬರುತ್ತದೆ. ಇನ್ನೂ ಎಷ್ಟು ಹಾಕಬೇಕು ಅಕ್ಕಾ?
– ಓದುಗರು, ಬದಿಯಡ್ಕ

ಉತ್ತರ: ಇನ್ನು ಹಾಕಬೇಡಿ, ಹಾಕಿದ್ದೇ ಹೆಚ್ಚಾಯಿತು. ನೀವು ಪೂರಿ ಮಾಡುವಾಗ ಯೀಸ್ಟ್ ಹಾಕುವುದಿಲ್ಲ, ಆದರೂ ಅದು ಚೆಂಡಿನಂತೆ ಉಬ್ಬುತ್ತದೆ. ಇಡ್ಲಿಯ ಹಿಟ್ಟು ರಾತ್ರಿಯಿಡೀ ಹುಳಿ ಬಂದು ಪಾತ್ರೆ ತುಂಬಿದರೂ ಇಡ್ಲಿಯ ನಡುವೆ ಪೊಳ್ಳು ಉಂಟಾಗುವುದಿಲ್ಲ. ಇವೆರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ನಿಮ್ಮ ಪ್ರಶ್ನೆಗೆ ಉತ್ತರ ಸಿಗುತ್ತದೆ. ಯೀಸ್ಟ್ ಮಾಡುವ ಕೆಲಸವೆಂದರೆ ಹಿಟ್ಟಿನೊಳಗೆ ಸಣ್ಣ ಸಣ್ಣ ಗುಳ್ಳೆಗಳನ್ನು ತುಂಬಿ ಅದನ್ನು ಮೃದುವಾಗಿಸುವುದು ಮತ್ತು ರುಚಿ ಕೊಡುವುದು. ಎರಡು ಪದರಗಳನ್ನು ಬೇರ್ಪಡಿಸುವುದು ಆವಿ. ಲಟ್ಟಿಸಿದ ಹಿಟ್ಟು ತೀರ ಬಿಸಿಯಾದ ಜಾಗಕ್ಕೆ ಬಿದ್ದೊಡನೆ ಅದರ ಮೇಲ್ಮೈ ಮತ್ತು ತಳ ಗಟ್ಟಿಯಾಗತೊಡಗುತ್ತವೆ. ಆಗ ಒಳಗಿನ ನೀರು ಆವಿಯಾಗಿ, ಹೊರಬರಲು ದಾರಿಯಿಲ್ಲದೆ, ಇನ್ನೂ ಮೆತ್ತಗಿರುವ ನಡುಭಾಗವನ್ನು ಸೀಳುತ್ತದೆ. ನೀರು ಆವಿಯಾದಾಗ ಸುಮಾರು 1,700 ಪಟ್ಟು ಜಾಗ ಬೇಡುತ್ತದೆ ಎಂಬುದನ್ನು ನೆನೆದರೆ, ಒಂದು ರೊಟ್ಟಿಯನ್ನು ಉಬ್ಬಿಸಲು ಎಷ್ಟು ಕಡಿಮೆ ನೀರು ಸಾಕೆಂದು ಊಹಿಸಬಹುದು.

ಆದ್ದರಿಂದ ನೀವು ಗಮನಿಸಬೇಕಾದವು ಮೂರು: ಹಿಟ್ಟಿನ ತೇವ, ಲಟ್ಟಿಸಿದ ದಪ್ಪ ಮತ್ತು ಬಿಸಿ. ಅರ್ಧ ಕಿಲೋ ಮೈದಾಕ್ಕೆ ಇನ್‌ಸ್ಟಂಟ್ ಯೀಸ್ಟ್ 5 ಗ್ರಾಂ, ಅಂದರೆ ಒಂದೂವರೆ ಸಣ್ಣ ಚಮಚ, ಸಾಕು. ಉಪ್ಪು ಒಂದೂವರೆ ಚಮಚ, ಸಕ್ಕರೆ ಒಂದು ಚಮಚ, ಎಣ್ಣೆ ಎರಡು ದೊಡ್ಡ ಚಮಚ, ಉಗುರುಬೆಚ್ಚಗಿನ ನೀರು ಸುಮಾರು 320 ಮಿ.ಲೀ. ಚಪಾತಿಯ ಹಿಟ್ಟಿಗಿಂತ ಇದು ಮೆತ್ತಗಿರಬೇಕು. ಮೊದಲು ಕೈಗೆ ಅಂಟುತ್ತದೆ, ಅಂಟಿತೆಂದು ಮೇಲೆ ಮೇಲೆ ಮೈದಾ ಉದುರಿಸಿದರೆ ಕೆಲಸ ಕೆಟ್ಟಂತೆಯೇ. ಎಂಟು ಹತ್ತು ನಿಮಿಷ ಬಿಡದೆ ನಾದಿದರೆ ಅಂಟು ತಾನಾಗಿ ಬಿಡುತ್ತದೆ. ಎಣ್ಣೆ ಸವರಿದ ಪಾತ್ರೆಯಲ್ಲಿ ಮುಚ್ಚಿಟ್ಟು, ಎರಡು ಪಟ್ಟಾದ ಮೇಲೆ ಹತ್ತು ಉಂಡೆ ಮಾಡಿ, ಹದಿನೈದು ನಿಮಿಷ ಬಟ್ಟೆ ಮುಚ್ಚಿಡಿ. ವಿಶ್ರಾಂತಿ ಸಿಗದ ಉಂಡೆ ಲಟ್ಟಿಸಿದಷ್ಟೂ ಹಿಂದಕ್ಕೆ ಕುಗ್ಗುತ್ತದೆ.

ನಿಮ್ಮ ಸುತ್ತಮುತ್ತಲಿನ ಅನೇಕರ ಕೈ ತಪ್ಪುವುದು ಲಟ್ಟಿಸುವಲ್ಲಿ. ಅಕ್ಕಿಯ ಪತ್ತಿರಿಯನ್ನು ತೆಳ್ಳಗೆ ಲಟ್ಟಿಸಿ ಅಭ್ಯಾಸವಾದ ಕೈಗೆ ಕುಬ್ಬೂಸನ್ನೂ ಹಾಗೆಯೇ ಹರಡುವ ಆಸೆಯಾಗುತ್ತದೆ. ನಾನೇ ಮೊದಲ ಸಲ ಮಾಡಿದ್ದು ಹಪ್ಪಳವಾಗಿತ್ತು. ಸುಮಾರು 15 ಸೆಂ.ಮೀ. ಅಗಲ, 5 ಮಿ.ಮೀ. ದಪ್ಪ ಇರಲಿ, ಅದಕ್ಕಿಂತ ಮುಖ್ಯವಾಗಿ, ಅಂಚಿನಲ್ಲೂ ನಡುವೆಯೂ ಒಂದೇ ದಪ್ಪವಿರಲಿ. ಒಂದು ಕಡೆ ಮಡಿಕೆ ಬಿದ್ದರೆ ಅಥವಾ ಉಗುರು ತಾಗಿ ಸೀಳಿದರೆ ಆವಿ ಅಲ್ಲಿಂದಲೇ ಹೊರಹೋಗುತ್ತದೆ. ಓವನ್ ಇದ್ದರೆ ಅದನ್ನು 250 ಡಿಗ್ರಿಗೆ ಇಟ್ಟು, ಒಳಗೆ ಹಿಡಿಯಿಲ್ಲದ ಕಬ್ಬಿಣದ ಕಾವಲಿಯನ್ನು ಕವುಚಿ, ಅರ್ಧ ಗಂಟೆ ಕಾಯಿಸಿ. ಕಾವಲಿಯ ಮೇಲೆ ಬಿದ್ದ ರೊಟ್ಟಿ ಎರಡು ಮೂರು ನಿಮಿಷದಲ್ಲಿ ಉಬ್ಬುತ್ತದೆ, ನಾಲ್ಕೈದು ನಿಮಿಷದಲ್ಲಿ ಬೇಯುತ್ತದೆ. ಉಬ್ಬಿತೋ ಇಲ್ಲವೋ ಎಂದು ಪದೇ ಪದೇ ಬಾಗಿಲು ತೆರೆದು ನೋಡಿದರೆ ಕೂಡಿಟ್ಟ ಬಿಸಿಯೆಲ್ಲ ಹೋಗುತ್ತದೆ.

ಪ್ರಶ್ನೆ: ನಮ್ಮಲ್ಲಿ ಓವನ್ ಇಲ್ಲ. ಗ್ಯಾಸ್ ಒಲೆಯಲ್ಲಿ ಮಾಡಬಹುದೇ? ದೋಸೆ ಕಾವಲಿಯನ್ನು ಮುಟ್ಟಲು ಅತ್ತೆ ಬಿಡುತ್ತಿಲ್ಲ.
– ಓದುಗರು, ಮುಳ್ಳೇರಿಯ

ಉತ್ತರ: ಧಾರಾಳವಾಗಿ ಮಾಡಬಹುದು. ಆದರೆ ಕಾವಲಿಯ ವಿಚಾರದಲ್ಲಿ ನಾನು ನಿಮ್ಮ ಅತ್ತೆಯವರ ಪಕ್ಷ. ಬೀಡಿನ ಕಾವಲಿಗೆ ವರ್ಷಗಟ್ಟಲೆ ಎಣ್ಣೆ ಕುಡಿಸಿ ಬಂದ ನುಣುಪು ಅತಿಯಾದ ಒಣ ಬಿಸಿಗೆ ಸುಟ್ಟುಹೋಗುತ್ತದೆ, ಮರುದಿನ ದೋಸೆ ಏಳುವುದಿಲ್ಲ. ಚಪಾತಿಗೆಂದು ಬೇರೆಯೇ ಇರುವ ದಪ್ಪ ಕಬ್ಬಿಣದ ಕಾವಲಿಯನ್ನು ಬಳಸಿ; ನಾನ್‌ಸ್ಟಿಕ್ ಪಾತ್ರೆಯನ್ನು ಇಷ್ಟು ಕಾಯಿಸಬಾರದು. ಕಾವಲಿಗೆ ನೀರು ಚಿಮುಕಿಸಿದರೆ ಹನಿಗಳು ಉರುಳಾಡಿ ಮಾಯವಾಗುವಷ್ಟು ಬಿಸಿ ಬರಲಿ. ಎಣ್ಣೆ ಹಾಕದೆ ರೊಟ್ಟಿಯನ್ನು ಅರ್ಧ ನಿಮಿಷ ಇಟ್ಟು, ಮೇಲೆ ಸಣ್ಣ ಗುಳ್ಳೆ ಕಂಡೊಡನೆ ಮಗುಚಿ, ಇನ್ನೊಂದು ಬದಿಯನ್ನು ಒಂದು ನಿಮಿಷ ಬೇಯಿಸಿ, ಮತ್ತೆ ಮಗುಚಿ. ಆಗ ಉಬ್ಬತೊಡಗುತ್ತದೆ. ಒಂದು ಮೂಲೆ ಮಾತ್ರ ಉಬ್ಬಿದರೆ ಮಡಚಿದ ಬಟ್ಟೆಯಿಂದ ಅಲ್ಲಿ ಮೆಲ್ಲನೆ ಒತ್ತಿ. ಗಾಳಿ ಉಳಿದ ಕಡೆಗೆ ಸರಿಯುತ್ತದೆ. ಕೊನೆಗೆ ಫುಲ್ಕಾದಂತೆ ನೇರ ಉರಿಯ ಮೇಲೆ ಕೆಲವು ಸೆಕೆಂಡು ಹಿಡಿಯುವುದೂ ಉಂಟು.

ಪ್ರಶ್ನೆ: ಮೈದಾ ಬೇಡವೆಂದು ಪೂರ್ತಿ ಗೋಧಿ ಹಿಟ್ಟಿನಲ್ಲಿ ಮಾಡಿದೆ. ಬಿಸಿಯಿರುವಾಗ ಚೆನ್ನಾಗಿತ್ತು, ಒಂದು ಗಂಟೆಯಲ್ಲಿ ಚರ್ಮದಂತಾಯಿತು. ಫ್ರಿಜ್ಜಿನಲ್ಲಿಟ್ಟದ್ದು ಇನ್ನೂ ಗಟ್ಟಿಯಾಗಿತ್ತು. ಏನು ತಪ್ಪಾಯಿತು?
– ಓದುಗರು, ಮಂಜೇಶ್ವರ

ಉತ್ತರ: ಗೋಧಿ ಹಿಟ್ಟಿನಲ್ಲಿರುವ ತೌಡು ನೀರನ್ನು ಹೆಚ್ಚು ಹೀರುತ್ತದೆ, ನಾದಿದಾಗ ಮೂಡುವ ಎಳೆಗಳನ್ನು ಅಲ್ಲಲ್ಲಿ ಕಡಿಯುತ್ತದೆ. ಆದ್ದರಿಂದ ಮೊದಲು ಅರ್ಧ ಮೈದಾ, ಅರ್ಧ ಗೋಧಿ ಸೇರಿಸಿ, ನೀರನ್ನು ಎರಡು ಮೂರು ದೊಡ್ಡ ಚಮಚ ಹೆಚ್ಚಿಸಿ, ಕಲಸಿ ಇಪ್ಪತ್ತು ನಿಮಿಷ ಬಿಟ್ಟು ಆಮೇಲೆ ನಾದಿ ನೋಡಿ.

ಗಟ್ಟಿಯಾಗುವುದಕ್ಕೆ ಮುಖ್ಯ ಕಾರಣ ಹೆಚ್ಚು ಹೊತ್ತು ಬೇಯಿಸುವುದು. ಕಂದು ಬಣ್ಣ ಬರಲೆಂದು ಕಾಯಬೇಡಿ. ಅಲ್ಲೊಂದು ಇಲ್ಲೊಂದು ಚುಕ್ಕೆ ಕಂಡರೆ ಬೆಂದಿದೆಯೆಂದೇ ಅರ್ಥ. ಅರಬ್ ದೇಶಗಳ ದೊಡ್ಡ ಬೇಕರಿಗಳ ಒಲೆಯಲ್ಲಿ ಬಿಸಿ 400 ಡಿಗ್ರಿಯನ್ನೂ ಮೀರುವುದರಿಂದ ರೊಟ್ಟಿ ಒಂದು ನಿಮಿಷದೊಳಗೆ ಬೆಂದು, ಒಳಗಿನ ತೇವ ಉಳಿದುಕೊಳ್ಳುತ್ತದೆ; ಮನೆಯ ಒಲೆಯಲ್ಲಿ ಆ ಬಿಸಿ ಸಿಗದ ಕಾರಣ ನಾವು ಬೇಗ ತೆಗೆಯುವ ಜಾಣತನ ತೋರಬೇಕಷ್ಟೆ. ತೆಗೆದೊಡನೆ ಒಂದರ ಮೇಲೊಂದು ಪೇರಿಸಿ ದಪ್ಪ ಬೈರಾಸಿನಲ್ಲಿ ಸುತ್ತಿಡಿ, ಅದರದೇ ಆವಿಯಲ್ಲಿ ಮೆತ್ತಗಾಗುತ್ತದೆ. ಇನ್ನು ಫ್ರಿಜ್ಜು: ರೊಟ್ಟಿಯೊಳಗಿನ ಪಿಷ್ಟ ಮರಳಿ ಗಟ್ಟಿಯಾಗುವುದು ಆ ತಣ್ಣಗಿನ ಹವೆಯಲ್ಲೇ ಅತ್ಯಂತ ವೇಗವಾಗಿ. ಅದೇ ದಿನ ತಿನ್ನುವುದಾದರೆ ಹೊರಗೇ ಇಡಿ. ಉಳಿಸುವುದಾದರೆ ತಣಿದ ಮೇಲೆ ಚೀಲದಲ್ಲಿ ಕಟ್ಟಿ ಫ್ರೀಜರಿನಲ್ಲಿಟ್ಟು, ಬೇಕಾದಾಗ ನೇರವಾಗಿ ಕಾವಲಿಯ ಮೇಲೆ ಬಿಸಿ ಮಾಡಿ.

ಪ್ರಶ್ನೆ: ಬೇಸಿಗೆಯಲ್ಲಿ ತಂದ ಯೀಸ್ಟಿನ ಪೊಟ್ಟಣ ಆಟಿ ತಿಂಗಳಲ್ಲಿ ಕೆಲಸ ಮಾಡುತ್ತಿಲ್ಲ. ಮಳೆಗಾಲದಲ್ಲಿ ಹಿಟ್ಟು ಏಳುವುದೇ ಇಲ್ಲವೇ?
– ಓದುಗರು, ಕುಂಬಳೆ

ಉತ್ತರ: ಹಿಟ್ಟಿನದ್ದಲ್ಲ, ಪೊಟ್ಟಣದ್ದೇ ದೋಷವಿರಬೇಕು. ಒಡೆದ ಯೀಸ್ಟ್ ನಮ್ಮ ಮಳೆಗಾಲದ ತೇವಕ್ಕೆ ಬೇಗ ಸಾಯುತ್ತದೆ. ಅದನ್ನು ಗಾಳಿಯಾಡದ ಡಬ್ಬದಲ್ಲಿ ತುಂಬಿ ಫ್ರಿಜ್ಜಿನಲ್ಲಿಡಿ. ಕುಬ್ಬೂಸಿಗೆ ಸಲ್ಲದ ಜಾಗ ಯೀಸ್ಟಿಗೆ ಸಲ್ಲುತ್ತದೆ. ಸಂಶಯವಿದ್ದರೆ ಅರ್ಧ ಲೋಟ ಉಗುರುಬೆಚ್ಚಗಿನ ನೀರಿಗೆ ಒಂದು ಚಮಚ ಸಕ್ಕರೆ, ಒಂದು ಚಮಚ ಯೀಸ್ಟ್ ಹಾಕಿ ಹತ್ತು ನಿಮಿಷ ಬಿಡಿ. ನೊರೆ ಬಂದರೆ ಜೀವವಿದೆ, ಬಾರದಿದ್ದರೆ ಚೆಲ್ಲಿಬಿಡಿ. ನೀರು ಬೆರಳಿಗೆ ಹಿತವೆನಿಸುವಷ್ಟೇ ಬಿಸಿಯಿರಲಿ. 60 ಡಿಗ್ರಿಯ ಹತ್ತಿರ ಹೋದರೆ ಯೀಸ್ಟ್ ಉಳಿಯುವುದಿಲ್ಲ. ಮಳೆಗಾಲದಲ್ಲಿ ಮೈದಾವೇ ತೇವ ಹೀರಿಕೊಂಡಿರುವುದರಿಂದ ಮೇಲೆ ಹೇಳಿದ ನೀರಿನಲ್ಲಿ ಎರಡು ದೊಡ್ಡ ಚಮಚದಷ್ಟನ್ನು ಕೊನೆಗೆ ಉಳಿಸಿಕೊಂಡು, ಬೇಕೆನಿಸಿದರೆ ಮಾತ್ರ ಸೇರಿಸಿ. ಬೇಸಿಗೆಯ ಸೆಕೆಯಲ್ಲಿ ಮುಕ್ಕಾಲು ಗಂಟೆಗೇ ಎರಡು ಪಟ್ಟಾಗುವ ಹಿಟ್ಟು ಈಗ ಒಂದೂವರೆ ಗಂಟೆ ತೆಗೆದುಕೊಂಡರೂ ಗಾಬರಿ ಬೇಡ. ಗಡಿಯಾರವನ್ನು ನೋಡದೆ ಪಾತ್ರೆಯನ್ನು ನೋಡಿ. ಹಿಟ್ಟಿಗೆ ಬೆರಳು ಒತ್ತಿದಾಗ ಬಿದ್ದ ಕುಳಿ ನಿಧಾನವಾಗಿ, ಅರೆಬರೆಯಾಗಿ ಮೇಲೆದ್ದರೆ ಉಂಡೆ ಕಟ್ಟಲು ಅದೇ ಹದ.