ಸಿಗಡಿಯ ಮೊಟ್ಟೆ ಕಾಯುವ ಬ್ಯಾಕ್ಟೀರಿಯಾ

ಓದುಗರ ಪತ್ರ: ಸಮುದ್ರದ ಬ್ಯಾಕ್ಟೀರಿಯಾದಿಂದ ಹೊಸ ಆಂಟಿಬಯಾಟಿಕ್ ಹುಡುಕುತ್ತಿದ್ದಾರೆ ಅಂತ ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ನಮ್ಮ ಯಜಮಾನರಿಗೆ ಬೋಟಿನಲ್ಲಿ ಮೀನಿನ ಮುಳ್ಳು ಚುಚ್ಚಿತ್ತು. ಮಾವನ ಮಾತು ಕೇಳಿ ದಿನಾ ಕಡಲ ನೀರಲ್ಲಿ ತೊಳೆದರು, ಕಾಲು ಇನ್ನೂ ಬಾತಿತು. ಎರಡು ಬಗೆ ಮಾತ್ರೆ ನಾಟಲಿಲ್ಲ, ಮೂರನೆಯದಕ್ಕೆ ಗುಣವಾಯಿತು. ಕಡಲಲ್ಲೇ ಮದ್ದಿದ್ದರೆ ಹೀಗೇಕೆ ಆಯಿತು? ಆ ಹೊಸ ಮದ್ದು ಮೆಡಿಕಲ್‌ಗೆ ಯಾವಾಗ ಬರುತ್ತದೆ?
– ಓದುಗರೊಬ್ಬರು, ಮಲ್ಪೆ

ಸಂಪಾದಕರ ಉತ್ತರ:

ಅಕ್ಕಾ, ಯಜಮಾನರ ಕಾಲು ಗುಣವಾಯಿತು ಅಂತ ಓದಿ ಸಮಾಧಾನವಾಯಿತು. ಕಡಲ ನೀರೇ ಮದ್ದು ಅಲ್ಲ ಅಂತ ನಾವು ಆ ಲೇಖನದಲ್ಲಿ ಒಂದು ಸಾಲು ಬರೆಯಬೇಕಿತ್ತು. ಬರೆಯಲಿಲ್ಲ, ತಪ್ಪಾಯಿತು.

ಒಂದು ಮಿಲಿಲೀಟರ್ ಕಡಲ ನೀರಿನಲ್ಲಿ ಸುಮಾರು 10 ಲಕ್ಷ ಬ್ಯಾಕ್ಟೀರಿಯಾ ಇರುತ್ತವೆ. ಹೆಚ್ಚಿನವು ನಮ್ಮ ತಂಟೆಗೆ ಬರುವುದಿಲ್ಲ. ಆದರೆ ವಿಬ್ರಿಯೊ ವಲ್ನಿಫಿಕಸ್ ಅಂತ ಒಂದಿದೆ, ಬೆಚ್ಚಗಿನ ಉಪ್ಪುನೀರು, ಅಳಿವೆ ಅಂದರೆ ಅದಕ್ಕೆ ಇಷ್ಟ. ಗಾಯದೊಳಗೆ ಹೊಕ್ಕರೆ ಮಾಂಸವನ್ನೇ ಕೊಳೆಸುತ್ತದೆ, ಲಿವರ್ ತೊಂದರೆಯೋ ಸಕ್ಕರೆ ಕಾಯಿಲೆಯೋ ಇದ್ದವರಿಗೆ ಜೀವಕ್ಕೇ ಅಪಾಯ. ಮುಳ್ಳು ಚುಚ್ಚಿದರೆ ಶುದ್ಧ ನೀರು, ಸೋಪು ಹಾಕಿ ತೊಳೆಯಿರಿ. ಊತ ಕಂಡರೆ ಅವತ್ತೇ ಡಾಕ್ಟರಿಗೆ ತೋರಿಸಿ. ಮಾವನಿಗೂ ಬೇಸರವಾಗದ ಹಾಗೆ ಇದನ್ನು ಹೇಳಿ.

ಹಾಗಾದರೆ ಮದ್ದು ಎಲ್ಲಿದೆ? ಹೊಳೆ ಸಿಗಡಿಯ ಹೊಟ್ಟೆಯಡಿ ಮೊಟ್ಟೆಯ ಗೊಂಚಲು ನೋಡಿದ್ದೀರಲ್ವಾ? ಉಪ್ಪುನೀರಿನ ಕೆಲವು ಸಿಗಡಿಗಳೂ ಹಾಗೇ ಮೊಟ್ಟೆ ಹೊತ್ತು ತಿರುಗುತ್ತವೆ. 1989ರಲ್ಲಿ ಅಮೆರಿಕದ ಸಂಶೋಧಕರು ಅಂಥ ಒಂದು ಜಾತಿಯ ಮೊಟ್ಟೆಗಳನ್ನು ನೋಡಿದಾಗ ಮೇಲೆಲ್ಲ ಬ್ಯಾಕ್ಟೀರಿಯಾ ಅಂಟಿಕೊಂಡಿದ್ದವು. ಅವನ್ನು ತೆಗೆದುಹಾಕಿದರೆ ಮೊಟ್ಟೆಗೆ ಬೂಷ್ಟು ಹಿಡಿದು ಸಾಯುತ್ತಿತ್ತು, ವಾಪಸ್ ಹಾಕಿದರೆ ಬದುಕುತ್ತಿತ್ತು. ಆ ಬ್ಯಾಕ್ಟೀರಿಯಾ ಇಸಾಟಿನ್ ಎಂಬ ರಾಸಾಯನಿಕ ತಯಾರಿಸಿ ಬೂಷ್ಟನ್ನು ದೂರ ಇಡುತ್ತಿತ್ತು. ನನಗೆ ಈ ಇಡೀ ವಿಷಯದಲ್ಲಿ ತುಂಬ ಹಿಡಿಸಿದ ಕಥೆ ಇದು. ಬೋಟುಗಳೆಲ್ಲ ಒಟ್ಟಿಗೆ ಬಂದ ದಿನ ದಕ್ಕೆಯಲ್ಲಿ ಜಾಗಕ್ಕೆ ಎಷ್ಟು ನೂಕಾಟ ಆಗುತ್ತದೆ ಅಂತ ನಿಮಗೆ ಗೊತ್ತು. ಮೊಟ್ಟೆಯ ಮೇಲೆ, ಸ್ಪಂಜಿನೊಳಗೆ, ತಳದ ಕೆಸರಿನಲ್ಲಿ ಬ್ಯಾಕ್ಟೀರಿಯಾಗಳ ಬದುಕೂ ಹಾಗೇ, ಪಕ್ಕದವನನ್ನು ತಡೆಯಲು ಅವು ರಾಸಾಯನಿಕ ಬಿಡುತ್ತವೆ. ನಮಗೆ ಬೇಕಾದ್ದು ಅದೇ.

ಇಷ್ಟು ದಿನ ಇದನ್ನು ಮಣ್ಣಿನಲ್ಲಿ ಹುಡುಕಿದರು. ಟಿಬಿಗೆ ಕೊಡುವ ಸ್ಟ್ರೆಪ್ಟೋಮೈಸಿನ್ 1943ರಲ್ಲಿ ಸಿಕ್ಕಿದ್ದು ಮಣ್ಣಿನ ಬ್ಯಾಕ್ಟೀರಿಯಾದಿಂದಲೇ. ಆಮೇಲೆ ಎಷ್ಟು ಅಗೆದರೂ ಗೊತ್ತಿದ್ದದ್ದೇ ಮತ್ತೆ ಮತ್ತೆ ಸಿಗತೊಡಗಿತು. ಅದಕ್ಕೇ ಕಡಲಿನತ್ತ ತಿರುಗಿದ್ದು. ಜಪಾನ್ ಸಮುದ್ರದಲ್ಲಿ 289 ಮೀಟರ್ ಆಳದಿಂದ ತೆಗೆದ ಕೆಸರಿನ ಬ್ಯಾಕ್ಟೀರಿಯಾದಿಂದ ಅಬಿಸ್ಸೋಮೈಸಿನ್ ಸಿಕ್ಕಿತು, 2004ರಲ್ಲಿ ಅದರ ವಿವರ ಪ್ರಕಟವಾಯಿತು. ಬ್ಯಾಕ್ಟೀರಿಯಾ ತಮಗೆ ಬೇಕಾದ ಫೋಲಿಕ್ ಆಸಿಡನ್ನು ತಾವೇ ಮಾಡಿಕೊಳ್ಳುತ್ತವೆ, ನಾವು ಸೊಪ್ಪು, ಬೇಳೆ ತಿಂದು ಪಡೆಯುತ್ತೇವೆ. ಅಬಿಸ್ಸೋಮೈಸಿನ್ ಬ್ಯಾಕ್ಟೀರಿಯಾದ ಆ ಅಡುಗೆಮನೆಗೇ ಬೀಗ ಹಾಕುತ್ತದೆ, ಎಷ್ಟೋ ಮದ್ದಿಗೆ ಜಗ್ಗದ ಎಮ್‌ಆರ್‌ಎಸ್‌ಎ ರೋಗಾಣುವಿನ ಮೇಲೂ ನಾಟುತ್ತದೆ. ಆದರೆ ಅದು ಇನ್ನೂ ಅಂಗಡಿಗೆ ಬಂದಿಲ್ಲ.

ಯಾವಾಗ ಅಂತ ಕೇಳಿದಿರಿ. ಹಳೆಯ ಲೆಕ್ಕವೊಂದು ಹೇಳುತ್ತೇನೆ. 1945ರಲ್ಲಿ ಇಟಲಿಯ ಜ್ಯುಸೆಪ್ಪೆ ಬ್ರೋಟ್ಸು, ಕಾಲ್ಯಾರಿ ಎಂಬ ಊರಿನಲ್ಲಿ ಚರಂಡಿ ನೀರು ಕಡಲಿಗೆ ಸೇರುವ ಕಡೆ ಒಂದು ಶಿಲೀಂಧ್ರ ಕಂಡುಹಿಡಿದರು (ಇದು ಬ್ಯಾಕ್ಟೀರಿಯಾ ಅಲ್ಲ). ಈಗ ಡಾಕ್ಟರು ಬರೆಯುವ ಸೆಫಲೆಕ್ಸಿನ್, ಸೆಫಿಕ್ಸಿಮ್ ಎಲ್ಲ ಅದರದ್ದೇ ಕುಟುಂಬ. ಆ ಕುಟುಂಬದ ಮೊದಲ ಮದ್ದು ಮಾರುಕಟ್ಟೆಗೆ ಬಂದದ್ದು 1964ರಲ್ಲಿ. 19 ವರ್ಷ, ಅಕ್ಕಾ! ಕಡಲಿನ ಬಹುಪಾಲು ಬ್ಯಾಕ್ಟೀರಿಯಾಗಳು ಲ್ಯಾಬಿನ ತಟ್ಟೆಯಲ್ಲಿ ಬೆಳೆಯುವುದೇ ಇಲ್ಲ. ಬೆಳೆದು, ರೋಗಾಣುವನ್ನು ಕೊಂದರೂ, ನಮ್ಮ ಕಿಡ್ನಿ, ಲಿವರ್ ಕೆಡಿಸುವ ಹಾಗಿದ್ದರೆ ಪ್ರಯೋಜನವಿಲ್ಲ. ಸುಮ್ನೆ ಮುಂದಿನ ವರ್ಷ ಬರುತ್ತದೆ ಅಂತ ನಿಮಗೆ ಆಸೆ ಹುಟ್ಟಿಸಲು ನನಗೆ ಮನಸ್ಸಿಲ್ಲ.

ಆ ಎರಡು ಮಾತ್ರೆ ಯಾಕೆ ನಾಟಲಿಲ್ಲ ಅಂತ ಇಲ್ಲಿ ಕೂತು ಹೇಳಲಾಗದು. ಇನ್ನೊಮ್ಮೆ ಹೀಗಾದರೆ ಕೀವಿನ ಕಲ್ಚರ್ ಟೆಸ್ಟ್ ಮಾಡಿಸಬಹುದಾ ಅಂತ ಡಾಕ್ಟರನ್ನು ಕೇಳಿ, ಯಾವ ಮದ್ದು ನಾಟುತ್ತದೆ ಅಂತ ಅದರಲ್ಲೇ ತಿಳಿಯುತ್ತದೆ. ಮೂರೂ ಮಾತ್ರೆಯ ಚೀಟಿಗಳನ್ನು ಜೋಪಾನವಾಗಿ ಇಟ್ಟು ಅವರಿಗೆ ತೋರಿಸಿ. ಮಾತ್ರೆ ಉಳಿದಿದ್ದರೆ ಬೋಟಿನ ಬೇರೆಯವರಿಗೆ ಕೊಡಬೇಡಿ.