ಧಾರಾವಾಹಿಯ ಸಾವು, ಮನೆಯ ಸೂತಕ

ಪ್ರಶ್ನೆ: ಮೇಡಂ, ನಮ್ಮ ಅತ್ತೆ ದಿನವೂ ತಪ್ಪದೆ ನೋಡುವ ಧಾರಾವಾಹಿಯಲ್ಲಿ ಕಳೆದ ಶುಕ್ರವಾರ ಮನೆಯ ಹಿರಿಯ ತಾತ ತೀರಿಕೊಂಡರು. ಅತ್ತೆ ಆ ರಾತ್ರಿ ಊಟ ಮಾಡಲಿಲ್ಲ. ನನ್ನ ಗಂಡ, ‘ಆ ನಟ ಗಟ್ಟಿಮುಟ್ಟಾಗಿದ್ದಾರೆ ನೋಡಮ್ಮ’ ಎಂದು ಮೊಬೈಲಿನಲ್ಲಿ ಅವರ ಸಂದರ್ಶನ ತೋರಿಸಿದರು. ಅತ್ತೆಗೆ ಇನ್ನಷ್ಟು ಸಿಟ್ಟು ಬಂದು ಮಗನ ಜೊತೆ ಮಾತು ಬಿಟ್ಟಿದ್ದಾರೆ. ಇದು ಅತಿಯಾಯಿತಲ್ಲವೇ?
– ಓದುಗರೊಬ್ಬರು, ಸಕಲೇಶಪುರ

ಉತ್ತರ: ಅತಿಯೇನೂ ಆಗಲಿಲ್ಲ, ತಾಯಿ. ನಟ ಬದುಕಿದ್ದಾರೆ ಎಂಬುದು ನಿಮ್ಮ ಅತ್ತೆಗೆ ಚೆನ್ನಾಗಿಯೇ ಗೊತ್ತು. ಅವರು ಅತ್ತದ್ದು ನಟನಿಗಾಗಿ ಅಲ್ಲ, ತಾತನಿಗಾಗಿ. ವರ್ಷಗಟ್ಟಲೆ ಸಂಜೆ ಅದೇ ಹೊತ್ತಿಗೆ ಮನೆಯೊಳಗೆ ಬಂದು ಕೂತ ಮನುಷ್ಯ ಅವರು. ಕನ್ನಡಕ ಎಲ್ಲಿ ಮರೆತಿಡುತ್ತಾರೆ, ಯಾವ ಸೊಸೆಯ ಕೈಯ ಕಾಫಿ ಕೇಳುತ್ತಾರೆ ಎಂಬುದೆಲ್ಲ ಅತ್ತೆಗೆ ಬಾಯಿಪಾಠ. ಅಷ್ಟು ಬಳಕೆಯಿರುವ ನೆಂಟರು ಈಗ ಯಾರ ಮನೆಗೆ ಬರುತ್ತಾರೆ?

ಅವರು ಊಟ ಬಿಟ್ಟದ್ದಕ್ಕೆ ನನಗೆ ಕಾಣುವ ಕಾರಣವೇ ಬೇರೆ. ಧಾರಾವಾಹಿಯವರು ಸಾವು ತೋರಿಸಿದ್ದು ತಪ್ಪಲ್ಲ, ಸಾವಿಗೇ ತಂದು ನಿಲ್ಲಿಸಿದ್ದು ತಪ್ಪು. ಉಸಿರು ನಿಂತ ಗಳಿಗೆಯಲ್ಲಿ ಎಲ್ಲರ ಮುಖವನ್ನೂ ಮತ್ತೆ ಮತ್ತೆ ತೋರಿಸಿ, ಸೋಮವಾರ ಬನ್ನಿ ಎಂದು ಕಳಿಸಿಬಿಟ್ಟರು. ಶನಿವಾರ, ಭಾನುವಾರ ನಿಮ್ಮ ಅತ್ತೆ ಆ ಹೆಣದ ಮುಂದೆ ಒಬ್ಬರೇ ಕೂತಿರಬೇಕಾಯಿತು.

ನಮ್ಮಲ್ಲಿ ಕಥೆ ಹೇಳುತ್ತಿದ್ದವರು ಕೇಳುಗರನ್ನು ಹೀಗೆ ನಡುನೀರಿನಲ್ಲಿ ಕೈಬಿಡುತ್ತಿರಲಿಲ್ಲ. ನಾನು ಕಡೂರು ಕಡೆಯವಳು. ‘ಜೈಮಿನಿ ಭಾರತ’ದ ಲಕ್ಷ್ಮೀಶನ ದೇವನೂರು ನಮ್ಮ ತಾಲ್ಲೂಕಿನದೇ. ಅಜ್ಜಿ ಮಳೆಗಾಲದ ರಾತ್ರಿಗಳಲ್ಲಿ ಅದನ್ನು ರಾಗವಾಗಿ ಓದುತ್ತಿದ್ದರು. ಸುಧನ್ವನ ಕಥೆ ಇದೆ ಎಂದರೆ ಪಕ್ಕದ ಮನೆಗಳವರೂ ಬಂದು ಜಗಲಿ ತುಂಬುತ್ತಿತ್ತು. ಕುದಿಯುವ ಎಣ್ಣೆಯ ಕೊಪ್ಪರಿಗೆಗೆ ಹಾಕಿದರೂ ಹರಿನಾಮ ನೆನೆದು ಬದುಕಿ ಬಂದ ಹುಡುಗ, ಕೊನೆಗೆ ಅರ್ಜುನನ ಬಾಣಕ್ಕೆ ತಲೆ ಕೊಡುತ್ತಾನೆ. ಅಲ್ಲಿಗೆ ಬಂದಾಗ ಅಜ್ಜಿಯ ಗಂಟಲು ಕಟ್ಟುತ್ತಿತ್ತು. ಸೆರಗಿನಿಂದ ಕನ್ನಡಕ ಒರೆಸಿಕೊಂಡು ಮತ್ತೆ ಓದು ಹಿಡಿಯುತ್ತಿದ್ದರು. ಎಷ್ಟೇ ಹೊತ್ತಾಗಿದ್ದರೂ ಅಲ್ಲಿಗೆ ಪುಸ್ತಕ ಮುಚ್ಚುತ್ತಿರಲಿಲ್ಲ. ಸಾವಿನ ಪದ್ಯಕ್ಕೆ ಆ ದಿನದ ಓದು ನಿಲ್ಲಿಸಬಾರದು ಎಂಬುದು ಪಾರಾಯಣ ಮಾಡುವವರ ಕಟ್ಟಳೆ. ಮುಂದೆ ಶುಭ ಬರುವವರೆಗೆ ಓದಿ, ಮಂಗಳ ಹಾಡಿ, ಅವಲಕ್ಕಿ ಬೆಲ್ಲ ಹಂಚಿಯೇ ಎಲ್ಲರನ್ನೂ ಕಳಿಸುತ್ತಿದ್ದರು. ಕಣ್ಣು ಒದ್ದೆಯಾಗಿಯೇ ಇರುತ್ತಿತ್ತು, ಆದರೆ ಯಾರೂ ಹಸಿದು ಮಲಗುತ್ತಿರಲಿಲ್ಲ.

ನಟರು ಸಿನಿಮಾ ಸಿಕ್ಕಿ ಬಿಡುತ್ತಾರೆ, ಸಂಭಾವನೆ ಸಾಲದೆ ಬಿಡುತ್ತಾರೆ, ಆರೋಗ್ಯ ಕೆಟ್ಟು ಬಿಡುತ್ತಾರೆ. ಪಾತ್ರವನ್ನು ಮುಗಿಸಲೇಬೇಕಾದ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ಫೋಟೊಗೆ ಗಂಧದ ಹಾರ ಬಿದ್ದ ಮರುವಾರವೇ ಅದೇ ನಡುಮನೆಯಲ್ಲಿ ಸೀಮಂತದ ಸಡಗರ ತೋರಿಸುತ್ತಾರಲ್ಲ, ಅದನ್ನು ನನ್ನಿಂದ ಸಹಿಸಲಾಗುವುದಿಲ್ಲ. ಬದುಕಿನಲ್ಲಿ ಹನ್ನೊಂದು, ಹದಿಮೂರು ಎಂದು ದಿನ ಎಣಿಸುವ ಜನ ನಾವು. ದುಃಖಕ್ಕೆ ಎರಡು ಸಂಚಿಕೆ ಕೊಟ್ಟರೆ ಟಿಆರ್‌ಪಿ ಇಳಿಯುತ್ತದೆ ಎಂದು ಹೆದರುವವರಿಗೆ ನೋಡುಗರ ಮೇಲೆ ನಂಬಿಕೆಯಿಲ್ಲ.

ಸಂದರ್ಶನ ತೋರಿಸುವ ಬದಲು ನಿಮ್ಮ ಯಜಮಾನರು ತಾಯಿಯ ಪಕ್ಕ ಕೂತು, ‘ಆ ತಾತ ಹೇಗಿದ್ದರಮ್ಮ?’ ಎಂದು ಕೇಳಲಿ. ಹೇಳುತ್ತಾ ಹೇಳುತ್ತಾ ಅತ್ತೆ ತಾವಾಗಿಯೇ ತಟ್ಟೆಯ ಮುಂದೆ ಬರುತ್ತಾರೆ.

ಪ್ರಶ್ನೆ: ಸತ್ತಿದ್ದ ನಾಯಕ ಕೆಲವು ತಿಂಗಳ ನಂತರ ಮರಳಿ ಬಂದ. ಮನೆಯವರೆಲ್ಲ ಖುಷಿಪಟ್ಟರು, ನನಗೆ ಮಾತ್ರ ಮೋಸ ಹೋದಂತಾಯಿತು. ಏಕೆ?
– ಅರಸೀಕೆರೆಯ ವಿದ್ಯಾರ್ಥಿ

ಉತ್ತರ: ನಿಮ್ಮ ಕಣ್ಣೀರಿಗೆ ಬೆಲೆ ಸಿಗಲಿಲ್ಲ, ಅದಕ್ಕೆ. 2000ರಲ್ಲಿ ಶುರುವಾದ ಹಿಂದಿಯ ‘ಕ್ಯೂಂಕಿ ಸಾಸ್ ಭಿ ಕಭಿ ಬಹೂ ಥಿ’ಯಲ್ಲಿ ಮಿಹಿರ್ ಸತ್ತಾಗ ನೋಡುಗರು ದೊಡ್ಡ ಗಲಾಟೆ ಎಬ್ಬಿಸಿ, ಅವನನ್ನು ಮರಳಿ ತರಿಸಿಕೊಂಡರು. ಅಮೆರಿಕದ ‘ಡಲ್ಲಾಸ್’ನಲ್ಲಿ 1985ರಲ್ಲಿ ಸತ್ತ ಬಾಬಿ 1986ರಲ್ಲಿ ಸ್ನಾನದ ಕೋಣೆಯಲ್ಲಿ ಪ್ರತ್ಯಕ್ಷನಾದ. ನಡುವೆ ನಡೆದದ್ದೆಲ್ಲ ಅವನ ಹೆಂಡತಿ ಪ್ಯಾಮ್ ಕಂಡ ಕನಸು ಎಂದುಬಿಟ್ಟರು!

ಜೈಮಿನಿಯಲ್ಲಿಯೂ ಅರ್ಜುನ ಸತ್ತು ಬದುಕುತ್ತಾನೆ. ಆದರೆ ಕೊಂದವನು ಸ್ವಂತ ಮಗ ಬಭ್ರುವಾಹನ. ಬದುಕಿಸುವ ಮಣಿಗಾಗಿ ಅವನು ಪಾತಾಳದ ನಾಗರೊಡನೆ ಹೋರಾಡಬೇಕಾಗುತ್ತದೆ. ಮಣಿ ಬರುವ ಹೊತ್ತಿಗೆ ಅರ್ಜುನನ ತಲೆಯೇ ಕಳುವಾಗಿರುತ್ತದೆ. ಅಷ್ಟೆಲ್ಲ ಪಾಡುಪಟ್ಟು ಬಂದ ಜೀವವನ್ನು ಯಾರೂ ಅನುಮಾನಿಸುವುದಿಲ್ಲ.

ಪ್ರಶ್ನೆ: ‘ಟಿವಿಯ ಅಜ್ಜಿ ಎಲ್ಲಿಗೆ ಹೋದರು?’ ಎಂದು ಐದು ವರ್ಷದ ಮಗಳು ಕೇಳುತ್ತಾಳೆ. ಊರಿಗೆ ಹೋಗಿದ್ದಾರೆ ಎನ್ನಲೇ?
– ತಾಯಿಯೊಬ್ಬರು, ಮೂಡಿಗೆರೆ

ಉತ್ತರ: ಬೇಡ. ಅಮೆರಿಕದ ಮಕ್ಕಳ ಕಾರ್ಯಕ್ರಮ ‘ಸೆಸಮಿ ಸ್ಟ್ರೀಟ್’ನಲ್ಲಿ ಅಂಗಡಿಯ ಹೂಪರ್ ಆಗಿದ್ದ ವಿಲ್ ಲೀ 1982ರ ಡಿಸೆಂಬರಿನಲ್ಲಿ ತೀರಿಕೊಂಡರು. ಅವರ ಜಾಗಕ್ಕೆ ಬೇರೆ ನಟನನ್ನು ತರಲಿಲ್ಲ, ಸುಳ್ಳನ್ನೂ ಹೇಳಲಿಲ್ಲ. 1983ರ ನವೆಂಬರ್ 24ರ ಸಂಚಿಕೆಯಲ್ಲಿ ಬಿಗ್ ಬರ್ಡ್ ಎಂಬ ಹಳದಿ ಹಕ್ಕಿ, ತಾನು ಬರೆದ ಹೂಪರ್ ಚಿತ್ರ ಹಿಡಿದು ಅವರಿಗೆ ಕೊಡಲು ಹುಡುಕುತ್ತದೆ. ಅವರು ಸತ್ತಿದ್ದಾರೆ, ಸತ್ತವರು ಮರಳಿ ಬರುವುದಿಲ್ಲ ಎಂದು ದೊಡ್ಡವರು ನೇರವಾಗಿ ಹೇಳುತ್ತಾರೆ. ಹಾಗಾದರೆ ನನಗೆ ತಿಂಡಿ ಯಾರು ಮಾಡಿಕೊಡುತ್ತಾರೆ, ಕಥೆ ಯಾರು ಹೇಳುತ್ತಾರೆ ಎಂದು ಹಕ್ಕಿ ಅಳುತ್ತದೆ. ಅಂಗಡಿ ನೋಡಿಕೊಳ್ಳುವ ಡೇವಿಡ್, ನಾನು ಮಾಡಿಕೊಡುತ್ತೇನೆ, ಕಥೆಯನ್ನು ನಾವೆಲ್ಲರೂ ಹೇಳುತ್ತೇವೆ ಎನ್ನುತ್ತಾನೆ. ನಿಮ್ಮ ಮಗಳೂ ಮುಂದೆ ಅದನ್ನೇ ಕೇಳುತ್ತಾಳೆ. ಆ ಅಜ್ಜಿ ಧಾರಾವಾಹಿಯ ಮೊಮ್ಮಗುವಿಗೆ ಏನೇನು ಮಾಡಿಕೊಡುತ್ತಿದ್ದರು ಎಂದು ನೆನಪು ಮಾಡಿಕೊಂಡು, ಉತ್ತರ ಸಿದ್ಧವಾಗಿಟ್ಟುಕೊಳ್ಳಿ.