ಮನೆಯ ಎಲೆ, ಹೋಟೆಲಿನ ಮೇಜು: ನೆಂಟರ ಊಟದ ಕುರಿತು ಓದುಗರ ಪ್ರಶ್ನೆಗಳು

ಕಾಸರಗೋಡು ಮತ್ತು ಮಂಜೇಶ್ವರ ತಾಲೂಕುಗಳಿಂದ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಊರಿಗೆ ಬರುವ ನೆಂಟರ ಊಟೋಪಚಾರಕ್ಕೆ ಸಂಬಂಧಿಸಿದವು. ಅವುಗಳಲ್ಲಿ ಐದನ್ನು ಆಯ್ದುಕೊಂಡಿದ್ದೇನೆ.

ಪ್ರಶ್ನೆ: ಮಗಳನ್ನು ಧಾರವಾಡದ ಕಡೆಗೆ ಕೊಟ್ಟಿದ್ದೇವೆ. ಬೀಗರ ಮನೆಯ ಎಂಟು ಮಂದಿ ಡಿಸೆಂಬರಿನಲ್ಲಿ ಮೊದಲ ಬಾರಿಗೆ ನಮ್ಮಲ್ಲಿಗೆ ಬಂದು ಮೂರು ದಿನ ಇರುವವರಿದ್ದಾರೆ. ಎಲ್ಲರೂ ಸಸ್ಯಾಹಾರಿಗಳು. ಎಲ್ಲ ಹೊತ್ತಿನ ಊಟವೂ ಮನೆಯಲ್ಲೇ ಆಗಬೇಕೆಂದು ನನ್ನ ಹೆಂಡತಿ ಹೇಳುತ್ತಾಳೆ. ಮಂಗಳೂರಿಗೆ ಕರೆದುಕೊಂಡು ಹೋಗಿ ಒಳ್ಳೆಯ ಹೋಟೆಲುಗಳಲ್ಲಿ ಊಟ ಮಾಡಿಸೋಣವೆಂದು ಮಗ ಹೇಳುತ್ತಾನೆ. ಯಾವುದು ಸರಿ?
— ಪೈವಳಿಕೆಯ ಓದುಗರು

ಉತ್ತರ: ನಿಮ್ಮ ಶ್ರೀಮತಿಯವರ ಮಾತಿನಲ್ಲಿ ಬೀಗರ ಮೇಲಿನ ಗೌರವವಿದೆ, ಮಗನ ಮಾತಿನಲ್ಲಿ ತಾಯಿಗೆ ಆಗುವ ದಣಿವಿನ ಚಿಂತೆ ಇದ್ದರೂ ಇದ್ದೀತು. ಎಂಟು ಮಂದಿ ನೆಂಟರಿಗೆ ಮೂರು ದಿನ, ಒಂಬತ್ತು ಹೊತ್ತು ಅಡುಗೆ ಮಾಡುವ ಮನೆಯೊಡತಿಗೆ ಬೀಗಿತ್ತಿಯ ಪಕ್ಕದಲ್ಲಿ ಕುಳಿತು ನಾಲ್ಕು ಮಾತಾಡಲು ಸಮಯ ಸಿಗುವುದಿಲ್ಲ. ಹಾಗೆಂದು ಪ್ರತಿ ಊಟಕ್ಕೂ ಮಂಗಳೂರಿಗೆ ಹೊರಟರೆ ಅರ್ಧ ದಿನ ದಾರಿಯಲ್ಲೇ ಕಳೆದುಹೋಗುತ್ತದೆ, ಬಂದವರು ನಿಮ್ಮ ಮನೆಯನ್ನೂ ನಿಮ್ಮ ಊರನ್ನೂ ನೋಡಿದಂತಾಗುವುದಿಲ್ಲ.

ನಾನು ಬಹಳ ವರ್ಷಗಳಿಂದ ಪಾಲಿಸಿಕೊಂಡು ಬಂದಿರುವ ಕ್ರಮವೊಂದಿದೆ. ಹೋಟೆಲಿನಲ್ಲಿ ಸಿಗದುದನ್ನು ಮನೆಯಲ್ಲಿ ಬಡಿಸುತ್ತೇನೆ. ಮನೆಯಲ್ಲಿ ಮಾಡಲು ಕಷ್ಟವಾದುದಕ್ಕೆ ಹೋಟೆಲಿಗೆ ಕರೆದೊಯ್ಯುತ್ತೇನೆ. ಗೋಳಿಬಜೆ, ಬನ್ಸ್, ಮಸಾಲೆ ದೋಸೆಗಳನ್ನು ಎಂಟು ಮಂದಿಗೆ ಒಟ್ಟಿಗೆ ಬಿಸಿಬಿಸಿಯಾಗಿ ಕೊಡಲು ದೊಡ್ಡ ಕಾವಲಿ, ದೊಡ್ಡ ಬಾಣಲೆ, ಬಿಡುವಿಲ್ಲದೆ ಕೆಲಸ ಮಾಡುವ ಇಬ್ಬರು ಬೇಕು. ಅದನ್ನು ಪೇಟೆಯ ಹೋಟೆಲಿಗೇ ಬಿಡುವುದು ಒಳ್ಳೆಯದು. ಆದರೆ ಒಂದೆಲಗದ ತಂಬುಳಿ, ಸೌತೆಕಾಯಿ ಮೇಲಾರ, ಮಳೆಗಾಲಕ್ಕೆ ಮುನ್ನ ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆಯ ಪಲ್ಯ ಅಥವಾ ರೊಟ್ಟಿ, ಬೇಸಗೆಯಲ್ಲಿ ಒಣಗಿಸಿದ ಹಲಸಿನ ಹಪ್ಪಳ, ಬಾಳೆ ಎಲೆಯಲ್ಲಿ ಬೇಯಿಸಿದ ಕೊಟ್ಟಿಗೆ ಎಂಬ ಕಡುಬು ಇವು ಯಾವ ಹೋಟೆಲಿನ ಹಲಗೆಯ ಮೇಲೂ ಬರೆದಿರುವುದಿಲ್ಲ. ಡಿಸೆಂಬರಿನಲ್ಲಿ ಹಲಸು ಇಲ್ಲ, ಪತ್ರೊಡೆಯ ಕೆಸುವೂ ಇಲ್ಲ. ಆದರೆ ಭರಣಿಯ ಸೊಳೆ, ಡಬ್ಬಿಯ ಹಪ್ಪಳ, ಅಟ್ಟದಲ್ಲಿ ತೂಗುಹಾಕಿದ ಸೌತೆಕಾಯಿ ಇದ್ದರೆ ಅಷ್ಟು ಸಾಕು.

ಧಾರವಾಡದವರ ನಾಲಗೆಯ ವಿಷಯದಲ್ಲಿ ಮೂರು ಸೂಕ್ಷ್ಮಗಳನ್ನು ಗಮನಿಸಬೇಕು. ಕುಚ್ಚಲಕ್ಕಿ ಅನ್ನ ಅವರಿಗೆ ಹೊಸದು. ಅದನ್ನು ಒಂದು ಸಟ್ಟುಗ ರುಚಿ ನೋಡಲು ಬಡಿಸಿ, ಜೊತೆಗೆ ಬೆಳ್ತಿಗೆ (ಬಿಳಿ ಅಕ್ಕಿಯ) ಅನ್ನವನ್ನೂ ಮಾಡಿಟ್ಟಿರಿ. ತೆಂಗಿನೆಣ್ಣೆಯ ಒಗ್ಗರಣೆ ರೂಢಿಯಿಲ್ಲದವರಿಗೆ ಮೊದಲ ಹೊತ್ತಿನಲ್ಲಿ ಹಿಡಿಸದೆ ಹೋಗಬಹುದು. ಒಂದೆರಡು ಬಗೆಗಳಿಗಷ್ಟೇ ಅದನ್ನು ಬಳಸಿ, ಉಳಿದವುಗಳಿಗೆ ತುಪ್ಪದ ಒಗ್ಗರಣೆ ಕೊಡಿ. ನಮ್ಮ ಕೊದಿಲಿನಲ್ಲಿ, ಅಂದರೆ ತೆಂಗಿನಕಾಯಿ ರುಬ್ಬಿ ಹಾಕಿದ ಸಾಂಬಾರಿನಲ್ಲಿ, ಬೆಲ್ಲ ಇರುತ್ತದೆ, ಅವರ ಊಟದಲ್ಲಿ ಖಾರ ಮುಂದಿರುತ್ತದೆ. ಆದ್ದರಿಂದ ಎಲೆಯ ತುದಿಗೆ ಒಣ ಚಟ್ನಿಪುಡಿಯೊಂದನ್ನು ಬಡಿಸಿದರೆ ಅವರು ನಿಮ್ಮನ್ನು ಬಹುಕಾಲ ನೆನೆಯುತ್ತಾರೆ. ಯಾರಿಗೆ ಯಾವ ದಿನ ಉಪವಾಸ, ಯಾರು ಈರುಳ್ಳಿ, ಬೆಳ್ಳುಳ್ಳಿ ತಿನ್ನುವುದಿಲ್ಲ, ಯಾರಿಗೆ ಸಕ್ಕರೆ ಕಾಯಿಲೆ ಎಂಬುದನ್ನು ಮಗಳಿಂದ ಮುಂಚಿತವಾಗಿಯೇ ಕೇಳಿ ತಿಳಿದುಕೊಳ್ಳಿ. ಎಲೆಯ ಮುಂದೆ ಕುಳಿತ ಮೇಲೆ ಕೇಳಿದರೆ ಸಂಕೋಚದಿಂದ ಯಾರೂ ನಿಜ ಹೇಳುವುದಿಲ್ಲ.

ತಿರುಗಾಟಕ್ಕೆ ಊಟವನ್ನು ಹೊಂದಿಸುವುದು ಸುಲಭ. ಒಂದು ದಿನ ಬೆಳಗ್ಗೆ ಕುಂಬಳೆ ಸಮೀಪದ ಅನಂತಪುರದ ಸರೋವರ ಕ್ಷೇತ್ರ, ಅಲ್ಲಿಂದ ಮಧೂರು. ಮಧೂರಿನ ಗಣಪತಿಗೆ ಅಪ್ಪವೇ ಮುಖ್ಯ ನೈವೇದ್ಯ. ವಿಗ್ರಹವನ್ನೇ ಅಪ್ಪಗಳಿಂದ ಮುಚ್ಚುವ ಮೂಡಪ್ಪ ಸೇವೆ 1992ರ ಬಳಿಕ 2025ರಲ್ಲಿ ನಡೆದ ಸಂಗತಿಯನ್ನು ತಿಳಿಸಿ ಕೈಗೆ ಅಪ್ಪದ ಪ್ರಸಾದ ಕೊಟ್ಟರೆ, ನೆಂಟರಿಗೆ ಆ ತಿನಿಸಿನ ಹಿಂದಿನ ಊರೂ ತಿಳಿಯುತ್ತದೆ. ಮಧ್ಯಾಹ್ನದ ಊಟ ಕಾಸರಗೋಡು ಪೇಟೆಯ ಸಸ್ಯಾಹಾರಿ ಹೋಟೆಲಿನಲ್ಲಿ, ಸಂಜೆ ಬೇಕಲ ಕೋಟೆ, ರಾತ್ರಿ ಮನೆಯಲ್ಲಿ ಗಂಜಿ, ಹಪ್ಪಳ, ಉಪ್ಪಿನಕಾಯಿ. ಇಡೀ ದಿನ ತಿರುಗಿ ಬಂದವರಿಗೆ ರಾತ್ರಿ ಗಂಜಿಗಿಂತ ಹಿತವಾದುದು ಬೇರೆ ಇಲ್ಲ ಎಂಬುದು ನನ್ನ ಅನುಭವ. ದಾರಿಯಲ್ಲಿ ಎಲ್ಲಾದರೂ ಕಲ್ಪರಸ ಸಿಕ್ಕಿದರೆ ತಪ್ಪದೆ ಕುಡಿಸಿ. 1916ರಲ್ಲಿ ತೆಂಗು ಸಂಶೋಧನಾ ಕೇಂದ್ರವಾಗಿ ಆರಂಭವಾದ, ನಮ್ಮ ಕೂಡ್ಲಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯೇ ಇದನ್ನು ಇಳಿಸುವ ವಿಧಾನವನ್ನು ರೂಪಿಸಿತು. ತೆಂಗಿನ ಹೊಂಬಾಳೆಯ ರಸವು ಮಂಜುಗಡ್ಡೆಯಿಟ್ಟ ಪೆಟ್ಟಿಗೆಯೊಳಗೆ ತೊಟ್ಟಿಕ್ಕುವುದರಿಂದ ಹುಳಿಯುವುದಿಲ್ಲ, ಆದ್ದರಿಂದ ಅದು ಕಳ್ಳಾಗುವುದಿಲ್ಲ. ಇದನ್ನು ಮೊದಲೇ ವಿವರಿಸದಿದ್ದರೆ ಬೀಗರು ಲೋಟ ಮುಟ್ಟಲಿಕ್ಕಿಲ್ಲ.

ಇನ್ನೊಂದು ಎಚ್ಚರಿಕೆ. ಹಿಂದೊಮ್ಮೆ ನಾನು ಹಿರಿಯರಿಬ್ಬರು ಸೇರಿ ಹನ್ನೊಂದು ಮಂದಿಯನ್ನು ಭಾನುವಾರ ಮಧ್ಯಾಹ್ನ ಒಂದೂವರೆಗೆ, ಮುಂಚಿತವಾಗಿ ತಿಳಿಸದೆ, ಪೇಟೆಯ ಹೋಟೆಲೊಂದಕ್ಕೆ ಕರೆದುಕೊಂಡು ಹೋದೆ. ಮುಕ್ಕಾಲು ಗಂಟೆ ಬಾಗಿಲಲ್ಲೇ ನಿಂತೆವು. ಕೊನೆಗೆ ಮೂರು ಮೇಜುಗಳಿಗೆ ಹಂಚಿಹೋಗಿ, ಅನ್ನ ಬಂದವರಿಗೆ ಸಾಂಬಾರು ಬಾರದೆ, ಸಾಂಬಾರು ಬಂದವರಿಗೆ ಅನ್ನ ಮುಗಿದು, ಎಂಬತ್ತು ದಾಟಿದ ದೊಡ್ಡಮ್ಮ ಬರೀ ಮಜ್ಜಿಗೆ ಕುಡಿದು ಎದ್ದರು. ಅಂದಿನಿಂದ ಹಿಂದಿನ ದಿನವೇ ಫೋನು ಮಾಡಿ, ಹನ್ನೆರಡೂವರೆಯೊಳಗೆ ಹೋಗಿ ಕುಳಿತುಕೊಳ್ಳುತ್ತೇನೆ. ನಮ್ಮ ಜಿಲ್ಲೆಯಲ್ಲಿ ಹರತಾಳ ಕೆಲವೊಮ್ಮೆ ಮುನ್ಸೂಚನೆಯಿಲ್ಲದೆಯೂ ಬರುವುದರಿಂದ, ಹೋಟೆಲನ್ನೇ ನಂಬಿಕೊಂಡ ದಿನವೂ ಮನೆಯಲ್ಲಿ ಎಂಟು ಮಂದಿಗೆ ಸಾಕಾಗುವ ಅಕ್ಕಿ, ತರಕಾರಿ ಇರಲಿ.

ಪ್ರಶ್ನೆ: ನಮ್ಮದು ಶುದ್ಧ ಸಸ್ಯಾಹಾರಿ ಮನೆ. ನನ್ನ ಯಜಮಾನರ ಸಹೋದ್ಯೋಗಿಗಳು ಕುಟುಂಬ ಸಮೇತ ತೃಶೂರಿನಿಂದ ಬರುತ್ತಿದ್ದಾರೆ. ಅವರಿಗೆ ಮೀನಿಲ್ಲದೆ ಊಟವಿಲ್ಲವಂತೆ. ಮಾಂಸ ಬೇಯುವ ಹೋಟೆಲಿನಲ್ಲಿ ಅತ್ತೆಯವರು ಕುಳಿತುಕೊಳ್ಳುವುದಿಲ್ಲ. ಒಂದೇ ಊಟದಲ್ಲಿ ಎಲ್ಲರನ್ನೂ ಸಂತೋಷಪಡಿಸುವುದು ಹೇಗೆ?
— ಬದಿಯಡ್ಕದ ಓದುಗರು

ಉತ್ತರ: ಒಂದೇ ಊಟದಲ್ಲಿ ಅದು ಸಾಧ್ಯವಿಲ್ಲ, ಸಾಧ್ಯವಾಗಬೇಕಾದ ಅಗತ್ಯವೂ ಇಲ್ಲ. ಎರಡು ಊಟಗಳನ್ನು ಇಟ್ಟುಕೊಳ್ಳಿ. ಮಧ್ಯಾಹ್ನ ನಿಮ್ಮ ಮನೆಯಲ್ಲಿ, ಅತ್ತೆಯವರೂ ಕುಳಿತು ಉಣ್ಣುವಂತಹ ಎಲೆಯೂಟ. ರಾತ್ರಿ ನಿಮ್ಮ ಯಜಮಾನರು ಅತಿಥಿಗಳನ್ನು ಪೇಟೆಗೆ ಕರೆದೊಯ್ಯಲಿ. ಮನೆಯಲ್ಲಿ ಬಡಿಸುವಾಗ "ನಮ್ಮಲ್ಲಿ ಮೀನಿಲ್ಲ, ಕ್ಷಮಿಸಿ" ಎಂದು ಮಾತ್ರ ಹೇಳಬೇಡಿ. ತೃಶೂರಿನವರು "ಸದ್ಯ" ಎಂಬ ಕೇರಳದ ಎಲೆಯೂಟವನ್ನು ಬಲ್ಲವರು. ಎಲೆಯ ಕಿರಿದಾದ ತುದಿ ಎಡಕ್ಕಿರಬೇಕೆಂಬುದರಿಂದ ಹಿಡಿದು ಪಾಯಸದ ಬಳಿಕದ ಮಜ್ಜಿಗೆಯವರೆಗೆ ನಿಮ್ಮ ಕ್ರಮ ಅವರಿಗೆ ಪರಿಚಿತವಾಗಿಯೇ ಕಾಣುತ್ತದೆ. ಅವರ ಅವಿಯಲ್, ನಮ್ಮ ಅವಿಲು ಅಕ್ಕತಂಗಿಯರಂತೆ. ಆದುದರಿಂದ ಅದನ್ನು ಬಿಟ್ಟು ಅವರು ಅಷ್ಟಾಗಿ ಕಾಣದ ಅನಾನಸು ಮೆಣಸ್ಕಾಯಿ, ತಂಬುಳಿ, ನೀರುದೋಸೆ ಇವುಗಳ ಮೇಲೆ ಕೈಚಳಕ ತೋರಿಸಿ. ಎಳ್ಳು ಹುರಿದು ರುಬ್ಬಿದ ಮೆಣಸ್ಕಾಯಿಯನ್ನು ಮತ್ತೊಮ್ಮೆ ಕೇಳಿ ಹಾಕಿಸಿಕೊಳ್ಳದ ಮಲಯಾಳಿ ಅತಿಥಿಯನ್ನು ನಾನು ಕಂಡಿಲ್ಲ.

ರಾತ್ರಿಗೆ ಮೀನಿಗಿಂತಲೂ ನಮ್ಮ ಊರಿನ ಬಿರಿಯಾನಿಯನ್ನು ಅಥವಾ ಪತ್ತಿರ್ ಎಂಬ ಅಕ್ಕಿರೊಟ್ಟಿಯನ್ನು ಸೂಚಿಸುತ್ತೇನೆ. ಮೀನು ತೃಶೂರಿನಲ್ಲೂ ಸಿಗುತ್ತದೆ. ಉದ್ದನೆಯ ಬಾಸುಮತಿಯ ಬದಲು ಸಣ್ಣ ಕಾಳಿನ, ಪರಿಮಳದ ಜೀರಕಶಾಲ ಅಕ್ಕಿಯನ್ನು ಬಳಸಿ, ಮುಚ್ಚಳದ ಮೇಲೂ ಕೆಂಡವಿಟ್ಟು ದಮ್ಮು ಕಟ್ಟುವ ಬಿರಿಯಾನಿ ಉತ್ತರ ಮಲಬಾರಿನ ಮಾಪಿಳ್ಳೆ ಮುಸ್ಲಿಮರ ಮನೆಗಳ ವಿದ್ಯೆ. ಎರಡು ಮೂರು ಮಂದಿಗೆಂದು ಸಣ್ಣ ಪಾತ್ರೆಯಲ್ಲಿ ಮಾಡಿದರೆ ಆ ಹದ ಬರುವುದಿಲ್ಲ. ಉಪ್ಪಳ, ಕುಂಬಳೆ, ಕಾಸರಗೋಡು ಪೇಟೆಗಳಲ್ಲಿ ಹಲವು ಹೋಟೆಲುಗಳು ಶುಕ್ರವಾರ ಜುಮಾ ನಮಾಜಿನ ಹೊತ್ತಿಗೆ ಮುಚ್ಚಿರುತ್ತವೆ. ರಮಝಾನ್ ತಿಂಗಳಲ್ಲಿ ಹಗಲು ಮುಚ್ಚಿ, ಸಂಜೆ ಉಪವಾಸ ಬಿಟ್ಟ ಮೇಲೆ ತೆರೆಯುತ್ತವೆ. ಆ ತಿಂಗಳಿನ ರಾತ್ರಿಗಳಲ್ಲಿ ಬಾಳೆಹಣ್ಣಿನ ಉನ್ನಕ್ಕಾಯಿಯಂತಹ ತಿನಿಸುಗಳು ಧಾರಾಳವಾಗಿ ಸಿಗುವುದರಿಂದ ಅದು ಅತಿಥಿಗಳನ್ನು ಕರೆದೊಯ್ಯಲು ಬಹಳ ಒಳ್ಳೆಯ ಕಾಲ.

ಅತ್ತೆಯವರನ್ನು ಹೋಟೆಲಿಗೆ ಬರುವಂತೆ ಒತ್ತಾಯಿಸಬೇಡಿ. ಅವರು ಬಾರದಿರುವುದು ಅತಿಥಿಗಳಿಗೆ ಅವಮಾನವಲ್ಲ. ಮಧ್ಯಾಹ್ನ ಅವರ ಕೈಯಿಂದಲೇ ತುಪ್ಪ ಬಡಿಸಿದ್ದರೆ ಅತಿಥಿಗಳಿಗೆ ಅದು ತಾನಾಗಿ ಅರ್ಥವಾಗುತ್ತದೆ.

ಪ್ರಶ್ನೆ: ಗಲ್ಫಿನಲ್ಲಿರುವ ಅಣ್ಣನ ಕುಟುಂಬ ಜುಲೈಯಲ್ಲಿ ರಜೆಗೆ ಬರುತ್ತದೆ. ಹೋಟೆಲಿನಲ್ಲಿ ತಾಜಾ ಅಂಜಲ್, ಮಾಂಜಿ ಮೀನುಗಳನ್ನೂ ಕಲ್ಲುಮ್ಮಕ್ಕಾಯಿ ಎಂಬ ಚಿಪ್ಪುಜೀವಿಯನ್ನೂ ತಿನ್ನಬೇಕೆಂಬ ಆಸೆ ಅವರದು. ಎಲ್ಲಿಗೆ ಕರೆದೊಯ್ಯಲಿ?
— ಮಂಜೇಶ್ವರದ ಓದುಗರು

ಉತ್ತರ: ಅವರು ಆರಿಸಿಕೊಂಡ ತಿಂಗಳೇ ಮೀನಿಗೆ ಅನುಕೂಲವಾದುದಲ್ಲ. ಮೀನು ಮೊಟ್ಟೆಯಿಡುವ ಕಾಲವೆಂದು ಕೇರಳದಲ್ಲಿ ಜೂನ್ 9ರ ನಡುರಾತ್ರಿಯಿಂದ ಜುಲೈ 31ರವರೆಗೆ 52 ದಿನ ಟ್ರಾಲಿಂಗ್ ನಿಷೇಧವಿರುತ್ತದೆ. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ. ಸಾಂಪ್ರದಾಯಿಕ ದೋಣಿಗಳಿಗೆ ಕೇರಳದಲ್ಲಿ ಅಡ್ಡಿಯಿಲ್ಲವಾದ್ದರಿಂದ, ಕಡಲು ಶಾಂತವಾಗಿದ್ದ ದಿನ ಬೂತಾಯಿ, ಬಂಗುಡೆ ಬರುತ್ತವೆ. ಆದರೆ ಜುಲೈಯಲ್ಲಿ ಹೋಟೆಲಿನ ಕಾವಲಿಯ ಮೇಲಿರುವ ದೊಡ್ಡ ಅಂಜಲ್ ತುಂಡು ಬಹುಮಟ್ಟಿಗೆ ಮಂಜುಗಡ್ಡೆಯಲ್ಲಿ ಉಳಿದದ್ದು, ಇಲ್ಲವೇ ಪೂರ್ವ ಕರಾವಳಿಯಿಂದ ಲಾರಿಯಲ್ಲಿ ಬಂದದ್ದು. ಅಲ್ಲಿನ ನಿಷೇಧ ಏಪ್ರಿಲ್ 15ಕ್ಕೆ ತೊಡಗಿ ಜೂನ್ 14ಕ್ಕೇ ಮುಗಿದಿರುತ್ತದೆ. "ಇವತ್ತು ದೋಣಿಯಿಂದ ಬಂದದ್ದು ಯಾವುದು?" ಎಂದು ಕೇಳಿ, ಅದನ್ನೇ ತರಿಸಿ. ಕೇಳಿದ್ದಕ್ಕೆ ನೇರವಾಗಿ ಉತ್ತರಿಸುವ ಹೋಟೆಲನ್ನು ನಂಬಬಹುದು. ಪಡನ್ನ, ಚೆರ್ವತ್ತೂರು ಕಡೆಯ ಹಿನ್ನೀರಿನಲ್ಲಿ ಹಗ್ಗಕ್ಕೆ ಕಟ್ಟಿ ಬೆಳೆಸುವ ಕಲ್ಲುಮ್ಮಕ್ಕಾಯಿಯ ಕೊಯ್ಲು ಮಳೆಗಾಲಕ್ಕೆ ಮುಂಚೆಯೇ, ಏಪ್ರಿಲ್ ಮೇ ತಿಂಗಳುಗಳಲ್ಲಿ ಮುಗಿಯುತ್ತದೆ. ಅದನ್ನು ಹಿಂದೆಂದೂ ತಿನ್ನದ ಮಕ್ಕಳಿದ್ದರೆ ಮೊದಲು ಒಂದೇ ಒಂದು ಕೊಟ್ಟು ನೋಡಿ, ಚಿಪ್ಪುಜೀವಿಗಳು ಕೆಲವರ ಮೈಗೆ ಒಗ್ಗುವುದಿಲ್ಲ.

ಆಟಿ ತಿಂಗಳಿನಲ್ಲಿ, ಅಂದರೆ ಜುಲೈ ನಡುವಿನಿಂದ ತೊಡಗುವ ತುಳು ತಿಂಗಳಿನಲ್ಲಿ, ಬರುವವರಿಗೆ ಆಟಿಯ ಅಡುಗೆಯೇ ಸರಿ. ಅದು ಮನೆಯಲ್ಲಿ ಆಗಬೇಕಾದ ಅಡುಗೆ. ಪತ್ರೊಡೆಯ ಕೆಸುವಿನ ಎಲೆಯಲ್ಲಿ ಗಂಟಲು ತುರಿಸುವ ಸೂಜಿಯಂತಹ ಹರಳುಗಳಿರುವುದರಿಂದ ಹಿಟ್ಟಿಗೆ ಹುಣಸೆಹುಳಿಯನ್ನು ಕೈತುಂಬ ಹಾಕಿ, ಚೆನ್ನಾಗಿ ಬೇಯಿಸಬೇಕು. ಕಣಿಲೆಯನ್ನು (ಎಳೆ ಬಿದಿರನ್ನು) ಹೆಚ್ಚಿ, ದಿನವೂ ನೀರು ಬದಲಿಸುತ್ತ ಮೂರು ದಿನ ನೆನೆಸದೆ ಬಳಸಕೂಡದು, ಹಸಿ ಕಣಿಲೆಯಲ್ಲಿ ವಿಷದ ಅಂಶವಿದೆ. ಜೊತೆಗೆ ಒಣ ಸಿಗಡಿಯ ಚಟ್ನಿ, ಹುರುಳಿ ಸಾರು, ಹಲಸಿನ ಬೀಜ ಇದ್ದರೆ, ಹವಾನಿಯಂತ್ರಿತ ಕೋಣೆಯಿಂದ ಬಂದ ನಿಮ್ಮ ಅಣ್ಣನಿಗೆ ಜಗಲಿಯಲ್ಲಿ ಮಳೆ ನೋಡುತ್ತ ಉಣ್ಣುವ ಆ ಊಟದ ಮುಂದೆ ಮಾಂಜಿ ನೆನಪಾಗಲಾರದು.

ಪ್ರಶ್ನೆ: ನೆಂಟರನ್ನು ನಾವೇ ಕರೆದೊಯ್ದರೂ ಬಿಲ್ಲು ಬಂದಾಗ ಅವರೇ ಕಿತ್ತುಕೊಳ್ಳುತ್ತಾರೆ. ಬಿಲ್ಲಿನಲ್ಲಿ ಸೇವಾ ಶುಲ್ಕ ಸೇರಿಸಿದ್ದರೆ ಕೊಡಲೇಬೇಕೇ?
— ಸೀತಾಂಗೋಳಿಯ ಓದುಗರು

ಉತ್ತರ: ಕೈತೊಳೆಯಲು ಎದ್ದಾಗ ಕ್ಯಾಶಿನಲ್ಲಿ ಕುಳಿತವರಿಗೆ ಮುಂಗಡ ಕೊಟ್ಟು ಬನ್ನಿ, ಎಳೆದಾಟವೇ ಇರುವುದಿಲ್ಲ. ನೆಂಟರು ಹಿರಿಯರಾಗಿದ್ದು ಬಹಳ ಒತ್ತಾಯಿಸಿದರೆ ಐಸ್‌ಕ್ರೀಮಿನ ಅಥವಾ ಬೀಡಾದ ದುಡ್ಡನ್ನು ಅವರಿಗೆ ಬಿಟ್ಟುಬಿಡಿ. ಸೇವಾ ಶುಲ್ಕ ಕಡ್ಡಾಯವಲ್ಲ. ಬಿಲ್ಲಿಗೆ ತಾವಾಗಿ ಸೇರಿಸಕೂಡದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜುಲೈಯಲ್ಲಿ ಹೊರಡಿಸಿದ ಮಾರ್ಗಸೂಚಿಯನ್ನು ದೆಹಲಿ ಹೈಕೋರ್ಟು 2025ರ ಮಾರ್ಚಿನಲ್ಲಿ ಎತ್ತಿಹಿಡಿದಿದೆ. ಜಿಎಸ್‌ಟಿ ಬೇರೆ ವಿಷಯ. ಸಾಮಾನ್ಯ ಹೋಟೆಲುಗಳಲ್ಲಿ ಅದು ಶೇಕಡಾ 5. ಬಡಿಸಿದವರ ಕೈಗೆ ನೇರವಾಗಿ ಏನಾದರೂ ಕೊಟ್ಟರೆ ಒಳ್ಳೆಯದು. ನಮ್ಮ ಹೋಟೆಲುಗಳಲ್ಲಿ ಬಡಿಸುವವರಲ್ಲಿ ಅನೇಕರು ಈಗ ಬಹಳ ದೂರದ ಊರುಗಳಿಂದ ಬಂದವರು.

ಪ್ರಶ್ನೆ: ಮಗುವಿನ ಹುಟ್ಟುಹಬ್ಬಕ್ಕೆ ಇಪ್ಪತ್ತೈದು ಮಂದಿ ಬರುತ್ತಾರೆ. ಮನೆಯಲ್ಲಿ ಮಾಡುವ ಬದಲು ಹೋಟೆಲಿನಿಂದ ಪಾರ್ಸೆಲ್ ತರಿಸಬಹುದೇ?
— ಚೆರ್ಕಳದ ಓದುಗರು

ಉತ್ತರ: ತರಿಸಬಹುದು, ಆದರೆ ಗಡಿಯಾರದ ಮೇಲೆ ಕಣ್ಣಿರಲಿ. 2022ರ ಮೇ ತಿಂಗಳಿನಲ್ಲಿ ನಮ್ಮದೇ ಜಿಲ್ಲೆಯ ಚೆರ್ವತ್ತೂರಿನಲ್ಲಿ ಶವರ್ಮಾ ತಿಂದು ವಿದ್ಯಾರ್ಥಿನಿಯೊಬ್ಬಳು ತೀರಿಕೊಂಡು, ಅನೇಕರು ಆಸ್ಪತ್ರೆ ಸೇರಿದ್ದನ್ನು ನಾವು ಯಾರೂ ಮರೆತಿಲ್ಲ. 2023ರ ಜನವರಿಯಲ್ಲಿ ಕೇರಳ ಸರಕಾರ ಹಸಿ ಮೊಟ್ಟೆಯ ಮಯೋನೀಸನ್ನು ನಿಷೇಧಿಸಿತು. ಪಾರ್ಸೆಲಿನ ಮೇಲೆ ತಯಾರಿಸಿದ ದಿನ, ಸಮಯ ಮತ್ತು ಎಷ್ಟು ಹೊತ್ತಿನೊಳಗೆ ತಿನ್ನಬೇಕೆಂಬುದನ್ನು ನಮೂದಿಸಿದ ಚೀಟಿ ಇರಬೇಕೆಂದೂ ಕಡ್ಡಾಯಗೊಳಿಸಿತು. ಆ ಚೀಟಿಯಿಲ್ಲದ ಪೊಟ್ಟಣವನ್ನು ಹಿಂದಿರುಗಿಸಲು ಸಂಕೋಚಪಡಬೇಡಿ. ಬಿಸಿ ಪದಾರ್ಥ ತಂದ ಎರಡು ಗಂಟೆಯೊಳಗೆ ಊಟ ಮುಗಿಯಬೇಕು. ಮಕ್ಕಳ ಆಟ, ಕೇಕು, ಫೋಟೋ ಎಂದು ಹೊತ್ತು ಮೀರುವುದು ಖಂಡಿತವಾದ್ದರಿಂದ, ಸಂಜೆ ಆರಕ್ಕೆ ಕೇಕು ಕತ್ತರಿಸುವುದಾದರೆ ಊಟವನ್ನು ಏಳೂವರೆಗೆ ತಲಪಿಸಲು ಹೇಳಿ; ಐದಕ್ಕೇ ತಂದಿಟ್ಟುಕೊಳ್ಳಬೇಡಿ. ಮಯೋನೀಸು, ಕೆನೆ ಹಾಕಿದ ತಿನಿಸುಗಳನ್ನು ಬಿಟ್ಟು ನೆಯ್‌ಚೋರು (ತುಪ್ಪದನ್ನ), ಪರೋಟ, ಗಟ್ಟಿ ಸಾರು ಇವನ್ನು ಆರಿಸಿಕೊಳ್ಳಿ. ಮೊಸರು ಸಲಾಡನ್ನೂ ಪಾಯಸವನ್ನೂ ಮನೆಯಲ್ಲೇ ಮಾಡಿ. ಇಪ್ಪತ್ತೈದು ಮಂದಿಗೆ ಸುಮಾರು ಒಂದು ಕಿಲೋ ಹೆಸರುಬೇಳೆ, ಒಂದೂವರೆ ಕಿಲೋ ಬೆಲ್ಲ, ಆರು ತೆಂಗಿನಕಾಯಿಗಳ ಹಾಲು ಸಾಕು. ಬೆಳಗ್ಗೆ ಬೇಳೆ ಬೇಯಿಸಿಟ್ಟುಕೊಂಡರೆ ಕಾಯಿಹಾಲನ್ನು ಅತಿಥಿಗಳು ಬರುವ ಹೊತ್ತಿಗೆ ಸೇರಿಸಿ ಬಿಸಿ ಮಾಡಿದರಾಯಿತು.